ಹುಟ್ಟಿದ ಊರು: ಬ್ಲಫ್

ನಮ್ಮೂರಿನ ಹೆಸರು ಬ್ಲಫ್. ತಮಾಷೆಗೆ ಹೇಳುತ್ತಿಲ್ಲ. ಮಳವಳ್ಳಿ ತಾಲ್ಲೂಕಿನಲ್ಲಿ, ಗಗನಚುಕ್ಕಿ ನೋಡಲು ಬಂದವರು ಫೋಟೊ ತೆಗೆಸಿಕೊಂಡು ಹಿಂದಿರುಗುವ ದಾರಿಯಿಂದ ಸ್ವಲ್ಪ ಆಚೆಗೆ, ಕಾವೇರಿ ಕಣಿವೆಯ ಅಂಚಿನಲ್ಲಿ ಕುಳಿತ ಊರು. ಹೊಳೆಯ ಪಕ್ಕದ ಕಡಿದಾದ ದಿಬ್ಬಕ್ಕೆ ಇಂಗ್ಲಿಷಿನಲ್ಲಿ ಬ್ಲಫ್ ಎನ್ನುತ್ತಾರೆ. ಕಣಿವೆಯ ಕೆಳಗೆ ಪವರ್ ಹೌಸ್ ಕಟ್ಟಲು ಬಂದ ಎಂಜಿನಿಯರುಗಳು ಕರೆದ ಹೆಸರೇ ಊರಿಗೆ ನಿಂತಿತು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಅದೇ ಪದಕ್ಕೆ ಇಸ್ಪೀಟಿನಲ್ಲಿ ಇನ್ನೊಂದು ಅರ್ಥವಿದೆಯಲ್ಲ! ಹಾಸ್ಟೆಲಿನಲ್ಲಿ 'ನಿಂದು ಯಾವೂರು?' ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ, ಅವರು ನಕ್ಕು ಮುಗಿಸುವವರೆಗೂ ಕಾದು, ಆಮೇಲೆ ವಿವರಿಸುವುದು ನನಗೆ ನಾಲ್ಕು ವರ್ಷ ರೂಢಿಯಾಗಿತ್ತು.

ಪಾಸ್‌ಪೋರ್ಟ್ ಅರ್ಜಿಯಲ್ಲಿ 'ಹುಟ್ಟಿದ ಸ್ಥಳ' ಎಂಬ ಖಾನೆ ಬಂದಾಗ ಆ ವಿವರಣೆಗೆ ಜಾಗವಿರಲಿಲ್ಲ. ನಾನು ಹುಟ್ಟಿದ್ದು ಮಳವಳ್ಳಿ ಆಸ್ಪತ್ರೆಯಲ್ಲೂ ಅಲ್ಲ, ಮಂಡ್ಯದಲ್ಲೂ ಅಲ್ಲ. ಗಾಡಿ ಬರುವುದು ತಡವಾಗಿ ಇಲ್ಲಿನ ಕ್ವಾರ್ಟರ್ಸಿನ ಮನೆಯಲ್ಲೇ ಹುಟ್ಟಿದವಳು. ಹಾಗಾಗಿ ಬ್ಲಫ್ ಎಂದೇ ಬರೆದೆ.

ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಈಗ ಜರ್ಮನ್ ಭಾಷೆ ಕಲಿಯುತ್ತಿದ್ದೇನೆ. ನನ್ನ ಬ್ಯಾಚಿನ ಅರ್ಧಕ್ಕರ್ಧ ಹುಡುಗಿಯರು ಇದೇ ದಾರಿಯಲ್ಲಿದ್ದಾರೆ. ಸಂದರ್ಶನಕ್ಕೆ ಹೆಸರು ಕೊಡುವ ಮೊದಲೇ ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ. ಅದಿಲ್ಲದಿದ್ದರೆ ಸರದಿ ಮುಂದಿನವರಿಗೆ. ಹೀಗಾಗಿ ನಮ್ಮಂಥವರಿಗೆ ಪಾಸ್‌ಪೋರ್ಟ್ ಎಂದರೆ ಪ್ರವಾಸದ ಪುಸ್ತಕ ಅಲ್ಲ, ಕೆಲಸದ ಮೊದಲ ಕಾಗದ. ಅರ್ಜಿ ಹಾಕಲು ಹೊರಟಾಗ ಎಲ್ಲರೂ ಹೇಳಿದ್ದು ಒಂದೇ: 'ಈಗ ಚಿಪ್ ಇರೋದು ಬರ್ತದಂತೆ, ತುಂಬಾ ಕಷ್ಟವಂತೆ.' ಚಿಪ್‌ನಿಂದ ನನಗೆ ಒಂದು ಚೂರೂ ಕಷ್ಟವಾಗಲಿಲ್ಲ. ಕಷ್ಟ ಇದ್ದದ್ದು ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಚಿಟ್ಟಿದ್ದ ಹಳೆಯ ಕಾಗದಗಳಲ್ಲಿ.

ಮೊದಲು ಈ ಚಿಪ್ ವಿಚಾರ ಹೇಳಿಬಿಡುತ್ತೇನೆ. ಇ-ಪಾಸ್‌ಪೋರ್ಟ್ ಎಂದರೆ ಮೊಬೈಲಿನಲ್ಲಿ ತೋರಿಸುವ ಪಾಸ್‌ಪೋರ್ಟ್ ಅಲ್ಲ. ಅದೇ ಪುಸ್ತಕ, ಅದೇ ನೀಲಿ ರಟ್ಟು. ರಟ್ಟಿನೊಳಗೆ ಒಂದು ಪುಟ್ಟ ಚಿಪ್ ಮತ್ತು ತಂತಿಯ ಸುರುಳಿ ಸೇರಿಕೊಂಡಿರುತ್ತದೆ. ಹೊರಗಿನಿಂದ ಗುರುತು ಹಿಡಿಯಲು ಮುಖಪುಟದಲ್ಲಿ ಚಿನ್ನದ ಬಣ್ಣದ ಸಣ್ಣ ಚಿಹ್ನೆ, ಆಯತದ ನಡುವೆ ಒಂದು ವೃತ್ತ. ಇಂಥ ಪಾಸ್‌ಪೋರ್ಟನ್ನು ಜಗತ್ತಿನಲ್ಲಿ ಮೊದಲು ಕೊಟ್ಟದ್ದು ಮಲೇಷ್ಯಾ, 1998ರಲ್ಲಿ. ನಮ್ಮಲ್ಲಿ 2008ರ ಜೂನ್‌ನಲ್ಲಿ ರಾಜತಾಂತ್ರಿಕರಿಗೆ ಮತ್ತು ಅಧಿಕಾರಿಗಳಿಗೆ ಪ್ರಾಯೋಗಿಕವಾಗಿ ಶುರುವಾಗಿ, ಮೊದಲ ಪುಸ್ತಕ ಆಗಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅವರ ಕೈಸೇರಿತು. ಸಾಮಾನ್ಯರ ಸರದಿ ಬರಲು ಮತ್ತೆ ಹದಿನಾರು ವರ್ಷ ಹಿಡಿಯಿತು. 2024ರ ಏಪ್ರಿಲ್ 1ರಂದು ನಾಗಪುರ, ಭುವನೇಶ್ವರಗಳಲ್ಲಿ ಆರಂಭವಾಗಿ, 2025ರಲ್ಲಿ ಬೇರೆ ಬೇರೆ ಊರುಗಳಿಗೆ ಹಬ್ಬಿತು. ಮುದ್ರಣ ನಾಸಿಕ್‌ನ ಇಂಡಿಯಾ ಸೆಕ್ಯುರಿಟಿ ಪ್ರೆಸ್‌ನಲ್ಲಿ.

ಅರ್ಜಿದಾರರಿಗೆ ಇದರಿಂದ ಹೊಸ ಕೆಲಸವೇನೂ ಇಲ್ಲ. ಚಿಪ್ ಬೇಕೆಂದು ಬೇರೆ ಅರ್ಜಿ ಹಾಕಬೇಕಾಗಿಲ್ಲ, ಬೇರೆ ಶುಲ್ಕವೂ ಇಲ್ಲ. ನಾನು 36 ಪುಟದ ಪುಸ್ತಕಕ್ಕೆ ಕಟ್ಟಿದ್ದು ಮೊದಲಿನಂತೆ 1,500 ರೂಪಾಯಿ. ತತ್ಕಾಲ್ ಬೇಕೆಂದರೆ ಅದರ ಮೇಲೆ 2,000. ಹಳೆಯ ಪಾಸ್‌ಪೋರ್ಟ್ ಇರುವವರು ಗಾಬರಿಯಾಗಿ ಬದಲಾಯಿಸಿಕೊಳ್ಳಬೇಕಾದ್ದೂ ಇಲ್ಲ, ಅವಧಿ ಮುಗಿಯುವವರೆಗೂ ಅದು ನಡೆಯುತ್ತದೆ. ಇನ್ನೊಂದು ಮಾತು: ಇ-ಪಾಸ್‌ಪೋರ್ಟ್ ಇದ್ದರೆ ವೀಸಾ ಬೇಡ ಎಂದು ನನ್ನ ಗೆಳತಿಯೊಬ್ಬಳಿಗೆ ಏಜೆಂಟ್ ಒಬ್ಬ ಹೇಳಿದ್ದ. ಅದು ಶುದ್ಧ ಬ್ಲಫ್. (ನಮ್ಮೂರಿನ ಅರ್ಥದಲ್ಲಲ್ಲ.)

ಈಗ ಬೀರುವಿನ ಕಾಗದಗಳಿಗೆ ಬರೋಣ.

ಕನ್ನಡದಲ್ಲಿ ನನ್ನ ಹೆಸರು ಒಂದೇ. ಬರೆಯುವ ರೀತಿಯೂ ಒಂದೇ. ಇಂಗ್ಲಿಷಿಗೆ ಹೋದ ಕೂಡಲೇ ಅದು ಎರಡಾಗಿತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ತ' ಅಕ್ಷರಕ್ಕೆ ಟಿ ಪಕ್ಕದಲ್ಲಿ ಎಚ್ ಇದೆ, ಆಧಾರ್‌ನಲ್ಲಿ ಬರೀ ಟಿ. ಇದು ನಮ್ಮ ಕಡೆಯ ಎಷ್ಟೋ ಜನರ ಪಾಡು. ಸವಿತ, ಕವಿತ, ಲತ, ಭರತ ಎಂಬ ಹೆಸರಿನವರು ಒಮ್ಮೆ ನಿಮ್ಮ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಶಾಲೆಯಲ್ಲಿ ಹೆಸರು ಬರೆದವರು ದಕ್ಷಿಣದ ರೂಢಿಯಂತೆ ಎಚ್ ಸೇರಿಸಿರುತ್ತಾರೆ. ಆಧಾರ್ ಕ್ಯಾಂಪಿನಲ್ಲಿ ಟೈಪ್ ಮಾಡಿದವರಿಗೆ ಅವಸರವಿರುತ್ತದೆ. ಅಪ್ಪನ ಹೆಸರಿನ ಕಥೆ ಇನ್ನೂ ದೊಡ್ಡದು. ಪಡಿತರ ಚೀಟಿಯಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ಒಂದು, ಕೆಲಸದ ದಾಖಲೆಯಲ್ಲಿ ಮತ್ತೊಂದು. ಒಂದರಲ್ಲಿ 'ಅಯ್ಯ' ಇದೆ, ಇನ್ನೊಂದರಲ್ಲಿ ಬಿಟ್ಟುಹೋಗಿದೆ.

'ಯಾರ್ ಬರ್ದ್ರೂ ನಾನು ನಾನೇ ಅಲ್ವೇನವ್ವ?' ಎಂದರು ಅಪ್ಪ. ಊರಿನ ಮಟ್ಟಿಗೆ ನಿಜ. ಪಾಸ್‌ಪೋರ್ಟಿನ ಮಟ್ಟಿಗೆ ಅಲ್ಲ.

ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಎರಡು ಸಾಲು ವಿಚಿತ್ರ ಅಕ್ಷರಗಳಿರುತ್ತವೆ, ನೋಡಿರಬಹುದು. ಅದು ಯಂತ್ರ ಓದುವ ಸಾಲು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ ಪ್ರಕಾರ ಅಲ್ಲಿ ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರ, ಹತ್ತು ಅಂಕಿ, ಖಾಲಿ ಜಾಗ ತುಂಬುವ ಒಂದು ಬಾಣದಂಥ ಗುರುತು ಬಿಟ್ಟರೆ ಬೇರೇನೂ ಬರುವಂತಿಲ್ಲ. ಅದೇ ಎರಡು ಸಾಲು, ಅದರ ಜೊತೆಗೆ ನಮ್ಮ ಮುಖದ ಚಿತ್ರ, ಚಿಪ್‌ನೊಳಗೂ ಹೋಗಿ ಕೂರುತ್ತವೆ. ಕೂತ ಮೇಲೆ ಅದರ ಮೇಲೆ ಸರ್ಕಾರದ ಡಿಜಿಟಲ್ ಸಹಿ ಬೀಳುತ್ತದೆ. ಒಳಗಿನ ಒಂದು ಅಕ್ಷರ ಬದಲಾದರೂ ಸಹಿ ತಾಳೆಯಾಗುವುದಿಲ್ಲ. ವಿಮಾನ ನಿಲ್ದಾಣದ ಯಂತ್ರ ಅದನ್ನು ಕೂಡಲೇ ಹಿಡಿಯುತ್ತದೆ. ನಕಲಿ ಪಾಸ್‌ಪೋರ್ಟ್ ಮಾಡುವವರ ಕೈ ಕಟ್ಟಲೆಂದೇ ಈ ವ್ಯವಸ್ಥೆ. ಆದರೆ ನಮ್ಮಂಥವರಿಗೆ ಇದರ ಅರ್ಥ ಬೇರೆ: ಒಂದು ಎಚ್ ಹೆಚ್ಚಾಗಿಯೋ ಕಡಿಮೆಯಾಗಿಯೋ ಒಳಗೆ ಹೋದರೆ, ಸರಿಪಡಿಸಲು ಹೊಸ ಪುಸ್ತಕವನ್ನೇ ಮಾಡಿಸಬೇಕು. ಮತ್ತೆ ಅರ್ಜಿ, ಮತ್ತೆ ಶುಲ್ಕ, ಮತ್ತೆ ಕಾಯುವುದು. ಅಷ್ಟರಲ್ಲಿ ಸಂದರ್ಶನ ಮುಗಿದಿರುತ್ತದೆ.

ನಾನು ಹಿಡಿದ ದಾರಿ ಎಂದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಗೂಟದಂತೆ ನೆಟ್ಟು, ಉಳಿದದ್ದನ್ನೆಲ್ಲ ಅದಕ್ಕೆ ಕಟ್ಟಿದ್ದು. ಏಕೆಂದರೆ ನರ್ಸಿಂಗ್ ಪದವಿ, ನೋಂದಣಿ ಎಲ್ಲವೂ ಅದೇ ಕಾಗುಣಿತದಲ್ಲಿವೆ. ಅಂಕಪಟ್ಟಿ ತಿದ್ದಿಸಲು ಹೊರಟರೆ ಶಾಲೆಯಿಂದ ಶುರುವಾಗಿ ಎಲ್ಲವನ್ನೂ ತಿದ್ದಿಸಬೇಕು. ಆಧಾರ್ ತಿದ್ದಿಸುವುದು ಸುಲಭ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಸಲ, ಜನ್ಮದಿನಾಂಕಕ್ಕೆ ಒಂದೇ ಸಲ ಅವಕಾಶ. ಮಳವಳ್ಳಿಯಲ್ಲಿ ಆಧಾರ್ ಕೌಂಟರಿನ ಹುಡುಗ ಟೈಪ್ ಮಾಡಿದ್ದನ್ನು ಪರದೆ ತಿರುಗಿಸಿ ತೋರಿಸಲು ಹೇಳಿ, ಅಕ್ಷರಅಕ್ಷರ ಓದಿ, ಆಮೇಲೆ 'ಸರಿ ಅಣ್ಣ' ಎಂದೆ. ಅವನಿಗೆ ಸಿಟ್ಟು ಬಂತು. ಬರಲಿ.

ಇನಿಷಿಯಲ್‌ದು ಬೇರೆಯದೇ ಗೋಜು. ಹೆಸರಿನ ಹಿಂದೆಯೋ ಮುಂದೆಯೋ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ ಇಟ್ಟುಕೊಳ್ಳುವುದು ಹಳೇ ಮೈಸೂರಿನ ಕಡೆ ಮಾಮೂಲು. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್‌ಗಳನ್ನು ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಜೊತೆಗೆ 'ಸರ್‌ನೇಮ್' ಎಂಬ ಒಂದು ಖಾನೆ. ನಮಗೆಲ್ಲಿಯ ಸರ್‌ನೇಮ್? ಖಾಲಿ ಬಿಡಬಹುದು, ಅರ್ಜಿ ಮುಂದೆ ಹೋಗುತ್ತದೆ. ಕಷ್ಟ ಆಮೇಲೆ ಬರುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ದೇಶವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ ಎಂದು ಹೇಳಿತ್ತು. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿನವರ ಹೆಸರನ್ನು ಸರ್‌ನೇಮಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಹೆಸರು ತಿಳಿದಿಲ್ಲ' ಎಂಬರ್ಥದ ಮೂರಕ್ಷರ ಬರೆಯುತ್ತಾರೆ. ಇಪ್ಪತ್ತೆರಡು ವರ್ಷ ಕೂಗಿ ಕರೆದ ಹೆಸರು ಇದ್ದೂ 'ತಿಳಿದಿಲ್ಲ' ಅನ್ನಿಸಿಕೊಳ್ಳುವುದೇಕೆ?

ಹಾಗಾಗಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿದೆ. ಅಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. 'ನನ್ ಹೆಸ್ರು ಅಲ್ಲಿಗಂಟ ಹೋಯ್ತದ?' ಎಂದು ಕೇಳಿ ಎದ್ದು ಹೋದರು. ಜರ್ಮನ್ ತರಗತಿಯಲ್ಲಿ ಟೀಚರ್ ಈಗ ನನ್ನನ್ನು ಕರೆಯುವುದು 'ಫ್ರಾವ್' ಎಂದು ಸೇರಿಸಿ ಅಪ್ಪನ ಹೆಸರಿನಿಂದಲೇ. ಮೊದಮೊದಲು ಯಾರನ್ನೋ ಕರೆದಂತಿತ್ತು.

ಹೆಸರಿನ ನಂತರ ಊರು. ನನ್ನ ಟಿ.ಸಿ.ಯಲ್ಲಿ ಬ್ಲಫ್ ಎಂದಿದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಶಿವನಸಮುದ್ರ ಎಂದಿದೆ. ಹೊರಗಿನವರಿಗೆ ಇದೆಲ್ಲ ಒಂದೇ. ಪ್ರವಾಸೋದ್ಯಮದ ಬೋರ್ಡುಗಳೂ ಹಾಗೇ ಹೇಳುತ್ತವೆ. ಆದರೆ ಕಾವೇರಿ ಇಲ್ಲಿ ಎರಡಾಗಿ ಹರಿಯುತ್ತಾಳೆ. ನಡುಗಡ್ಡೆಯ ಶಿವನಸಮುದ್ರ ಗ್ರಾಮ ಕೊಳ್ಳೇಗಾಲ ತಾಲ್ಲೂಕಿಗೆ, ಅಂದರೆ ಚಾಮರಾಜನಗರ ಜಿಲ್ಲೆಗೆ ಸೇರಿದ್ದು. ನಾವು ಈಚೆ ದಡದ ಮಂಡ್ಯ ಜಿಲ್ಲೆಯವರು. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದಲ್ಲೇ ಇತ್ತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ಪೊಲೀಸ್ ಪರಿಶೀಲನೆ ನಡೆಯುವುದು ವಿಳಾಸದ ಠಾಣೆಯಿಂದ. ವಿಳಾಸದಲ್ಲಿ ಶಿವನಸಮುದ್ರ ಎಂದು ಬರೆದು, ಯಾರೋ ಪಟ್ಟಿಯಲ್ಲಿ ಕಂಡ ಕೊಳ್ಳೇಗಾಲದ ಠಾಣೆ ಆರಿಸಿದರೆ, ಕಡತ ಹೊಳೆ ದಾಟಿ ಹೋಗುತ್ತದೆ. ನಮ್ಮ ಬೀದಿಯ ಹುಡುಗನೊಬ್ಬನಿಗೆ ಹಾಗೇ ಆಗಿ, ಒಂದು ಸೈಬರ್ ಸೆಂಟರಿನವರು ತುಂಬಿಕೊಟ್ಟ ಅರ್ಜಿ ಎರಡು ತಿಂಗಳು ಅಲೆದಾಡಿತು. ಗಡಿಯಲ್ಲಿರುವ ಊರುಗಳವರು, ಒಂದೇ ಹೆಸರಿನ ಎರಡು ಊರು ಇರುವವರು ಅರ್ಜಿಯಲ್ಲಿ ಜಿಲ್ಲೆ ಮತ್ತು ಠಾಣೆಯ ಖಾನೆಯನ್ನು ಬೇರೆಯವರಿಗೆ ಬಿಟ್ಟುಕೊಡಬಾರದು.

ಅರ್ಜಿಯನ್ನೇ ಬೇರೆಯವರಿಗೆ ಬಿಟ್ಟುಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ವಿದೇಶಾಂಗ ಸಚಿವಾಲಯದ ಪಾಸ್‌ಪೋರ್ಟ್ ಸೇವಾ ಜಾಲತಾಣ ಒಂದೇ, ಆ್ಯಪ್ ಒಂದೇ. ಗೂಗಲ್‌ನಲ್ಲಿ ಹುಡುಕಿದರೆ ಅದೇ ಬಣ್ಣ ಬಳಿದುಕೊಂಡು ಹೆಚ್ಚು ದುಡ್ಡು ಕೀಳುವ ನಕಲಿ ತಾಣಗಳೂ ಬರುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೇ ಎಂದು ನೋಡಿದರೆ ಸಾಕು. ನಮ್ಮೂರಿನಲ್ಲಿ ನೆಟ್‌ವರ್ಕ್ ಒಂದೊಂದು ಮೂಲೆಗೆ ಒಂದೊಂದು ರೀತಿ. ನೀರಿನ ಟ್ಯಾಂಕಿನ ಹತ್ತಿರ ನಿಂತು ಎರಡು ಸಂಜೆಗಳಲ್ಲಿ ಮುಗಿಸಿದೆ.

ಜನ್ಮದಿನಾಂಕದ ಬಗ್ಗೆ ಒಂದು ಹೊಸ ನಿಯಮವಿದೆ. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಬಿಟ್ಟರೆ ಬೇರೆ ದಾಖಲೆ ನಡೆಯುವುದಿಲ್ಲ. ಅದಕ್ಕೂ ಮೊದಲು ಹುಟ್ಟಿದ ನಮಗೆ ಅಂಕಪಟ್ಟಿ, ಟಿ.ಸಿ., ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಮುಂತಾದವೂ ಆಗುತ್ತವೆ. ಹಳ್ಳಿ ಶಾಲೆಯ ಮೇಷ್ಟ್ರು ಕೃಪೆಯಿಂದ ಜೂನ್ 1ಕ್ಕೆ ಹುಟ್ಟಿದವರು ನಮ್ಮಪ್ಪನ ಕಾಲದಲ್ಲಿ ಊರು ತುಂಬ ಇದ್ದರು. ಅವರ ಮಕ್ಕಳಾದ ನಮಗೆ ಆ ಭಾಗ್ಯ ಇಲ್ಲ.

ಹತ್ತನೇ ತರಗತಿ ಪಾಸಾದವರು ಅಂಕಪಟ್ಟಿಯನ್ನು ಮರೆಯದೆ ಜೊತೆಗೆ ಇಡಬೇಕು. ಅದಿಲ್ಲದಿದ್ದರೆ ಪಾಸ್‌ಪೋರ್ಟಿನಲ್ಲಿ 'ವಲಸೆ ಪರಿಶೀಲನೆ ಅಗತ್ಯ' ಎಂಬ ಮುದ್ರೆ ಬೀಳುತ್ತದೆ. ಆಗ ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಪ್ರತ್ಯೇಕ ಅನುಮತಿ ಪಡೆಯಬೇಕು. ಡ್ರೈವರ್ ಕೆಲಸಕ್ಕೆ ಹೊರಟ ನನ್ನ ಸೋದರಮಾವ ಎಸ್‌ಎಸ್‌ಎಲ್‌ಸಿ ಫೇಲ್. ಅವರಿಗೆ ಈ ಮುದ್ರೆ ಬಿತ್ತು. ಅದನ್ನು ಅವಮಾನ ಎಂದುಕೊಂಡು ಒಂದು ವಾರ ಯಾರಿಗೂ ಪಾಸ್‌ಪೋರ್ಟ್ ತೋರಿಸಿರಲಿಲ್ಲ. ಮೋಸದ ಏಜೆಂಟರ ಕೈಗೆ ಸಿಗದಿರಲಿ ಎಂದು 1983ರ ವಲಸೆ ಕಾಯ್ದೆಯಲ್ಲಿ ಇಟ್ಟ ಕಾವಲು ಅದು ಎಂದು ವಿವರಿಸಿದ ಮೇಲೂ ಅವರ ಮುಖ ಪೂರ್ತಿ ತಿಳಿಯಾಗಲಿಲ್ಲ.

ನನಗೆ ಬೇಗ ಸಿಕ್ಕ ದಿನ ಮೈಸೂರಿನದು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ವ್ಯವಸ್ಥೆ ದೇಶದಲ್ಲಿ ಮೊದಲು ಶುರುವಾದದ್ದು 2017ರ ಜನವರಿ 25ರಂದು, ಮೈಸೂರು ಮತ್ತು ಗುಜರಾತಿನ ದಾಹೋದ್‌ಗಳಲ್ಲಿ. ಬೆಳಗಿನ ಬಸ್ಸಿಗೆ ಮಳವಳ್ಳಿ, ಅಲ್ಲಿಂದ ಬನ್ನೂರು ಮೇಲೆ ಮೈಸೂರು. ಒಳಗೆ ಮೂಲ ಕಾಗದ ನೋಡಿದರು, ಬೆರಳಚ್ಚು ತೆಗೆದುಕೊಂಡರು, ಅಲ್ಲೇ ಫೋಟೊ ತೆಗೆದರು. ಅಮ್ಮ ಹಿಂದಿನ ದಿನವೇ ಸ್ಟುಡಿಯೊದಲ್ಲಿ ತೆಗೆಸಿಟ್ಟ ಫೋಟೊ ಬ್ಯಾಗಿನಲ್ಲೇ ಉಳಿಯಿತು. ಕೌಂಟರಿನ ಮೇಡಂ ಪರದೆ ನೋಡುತ್ತ, 'ಹುಟ್ಟಿದ ಊರು ಬ್ಲಫ್ ಅಂತಿದೆ, ಸರಿಯಾಗಿ ಹಾಕಿದ್ದೀರೇನಮ್ಮ?' ಎಂದರು. ಟಿ.ಸಿ. ತೋರಿಸಿದೆ. ನಕ್ಕರು, ನಾನೂ ನಕ್ಕೆ. ಎಚ್ ಎಲ್ಲ ಕಡೆಯೂ ಇತ್ತು. ಕೊನೆಗೆ ಕೈಗೆ ಕೊಟ್ಟ ರಸೀದಿಯಲ್ಲಿ ಹೆಸರು, ದಿನಾಂಕ, ಊರು ಎಲ್ಲವನ್ನೂ ಅಲ್ಲೇ ಗೋಡೆಗೆ ಒರಗಿ ಇನ್ನೊಮ್ಮೆ ಓದಿಕೊಂಡೆ.

ಪೊಲೀಸ್ ಪರಿಶೀಲನೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಟೀ ಖರ್ಚಿಗೆ ಇಟ್ಕೊಂಡಿರು' ಎಂದು ಪಕ್ಕದ ಮನೆಯವರು ಹೇಳಿದ್ದರು. ಬಂದವರು ಕಾಗದ ನೋಡಿ, ಅಕ್ಕಪಕ್ಕದವರನ್ನು ವಿಚಾರಿಸಿ, ಅಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಇದಕ್ಕೆ ಶುಲ್ಕವಿಲ್ಲ ಎಂಬುದು ಎಲ್ಲರಿಗೂ ತಿಳಿದಿರಲಿ.

ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಬಂತು. ಮನೆಯಲ್ಲಿ ಮೊದಲ ಪ್ರಶ್ನೆ ಅಮ್ಮನದು: 'ಇದ್ಕೆ ಚಾರ್ಜ್ ಮಾಡ್ಬೇಕಾ?' ಅಪ್ಪ ರಟ್ಟನ್ನು ಬೆರಳಲ್ಲಿ ಒತ್ತಿ ನೋಡುತ್ತ, 'ಬ್ಯಾಟ್ರಿ ಎಲ್ಲವ್ವ ಮಡಗವ್ರೆ?' ಎಂದರು. ಬ್ಯಾಟರಿ ಇಲ್ಲ ಎಂದೆ. ಓದುವ ಯಂತ್ರದಿಂದ ಹೊಮ್ಮುವ ಕಾಂತಕ್ಷೇತ್ರ ರಟ್ಟಿನೊಳಗಿನ ತಂತಿ ಸುರುಳಿಗೆ ತಾಗಿದರೆ ಅದರಲ್ಲಿ ಕರೆಂಟ್ ಹುಟ್ಟುತ್ತದೆ, ಆ ಒಂದು ಕ್ಷಣಕ್ಕೆ ಚಿಪ್ ಎಚ್ಚರವಾಗುತ್ತದೆ. ಪುಸ್ತಕ ಕೆಲವೇ ಸೆಂಟಿಮೀಟರ್ ಹತ್ತಿರ ಇರಬೇಕು. ಅದೂ ಸಾಲದು. ಪುಟ ತೆರೆದು, ಆ ಎರಡು ಸಾಲುಗಳಲ್ಲಿರುವ ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ, ಅವಧಿ ಮುಗಿಯುವ ದಿನಾಂಕವನ್ನು ಯಂತ್ರ ಓದಿ ಬೀಗದ ಕೈ ಮಾಡಿಕೊಂಡರೆ ಮಾತ್ರ ಚಿಪ್ ಬಾಯಿ ಬಿಡುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವನು ಬ್ಯಾಗಿನೊಳಗಿನ ಪಾಸ್‌ಪೋರ್ಟನ್ನು ಸುಮ್ಮನೆ ಓದಿಬಿಡಲು ಆಗದಿರುವುದು ಇದರಿಂದಲೇ.

ಅಪ್ಪ ಮೂವತ್ತು ವರ್ಷ ಪವರ್ ಹೌಸಿನಲ್ಲಿ ಹೆಲ್ಪರ್ ಆಗಿದ್ದವರು. ಮಾತು ಮುಗಿಯುವ ಮೊದಲೇ ತಲೆಯಾಡಿಸಿದರು. 'ಟ್ರಾನ್ಸ್‌ಫಾರ್ಮರ್ ಇದ್ದಂಗೆ ಕನವ್ವ. ಒಂದ್ ಸುರುಳಿಲಿ ಕರೆಂಟ್ ಆಡುದ್ರೆ ಮುಟ್ಟುದ್ದೆಯ ಪಕ್ಕದ್ ಸುರುಳಿಗೂ ಬತ್ತದೆ.' ಎಂಟು ಪುಟದ ತಾಂತ್ರಿಕ ವಿವರಣೆಯನ್ನು ಇಷ್ಟು ಚಿಕ್ಕದಾಗಿ ಹೇಳಿದವರನ್ನು ನಾನು ನೋಡಿರಲಿಲ್ಲ. ವ್ಯತ್ಯಾಸ ವೇಗದ್ದು ಅಷ್ಟೆ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತ, ಚಿಪ್ ಓದುವ ಯಂತ್ರದ್ದು 1 ಕೋಟಿ 35 ಲಕ್ಷ 60 ಸಾವಿರ. ತತ್ವ ಮಾತ್ರ 1902ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಯೋಜನೆಯಂತೆ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗಿನದ್ದೇ. ಆಗ ಟರ್ಬೈನು ಬಂದದ್ದು ಸ್ವಿಟ್ಜರ್ಲೆಂಡಿನಿಂದ, ಜನರೇಟರು ಅಮೆರಿಕದಿಂದ. ಅವು ಹಡಗಿಳಿದು ಆನೆ, ಎತ್ತುಗಳ ಬಲದಿಂದ ಈ ದಿಬ್ಬಕ್ಕೆ ಬಂದವು ಎಂಬ ಕಥೆಯನ್ನು ಕೇಳಿಯೇ ನಾವೆಲ್ಲ ಬೆಳೆದದ್ದು. ಇಲ್ಲಿಂದ ಆಚೆಗೆ ಹೋಗಲು ಕಾಗದ ಬೇಕಾದವರು ಮಾತ್ರ ನಾವು.

ಪುಸ್ತಕ ತೆರೆದಾಗ ಒಂದು ವಿಷಯ ಮನಸ್ಸಿಗೆ ಚುಚ್ಚಿತು. ನಮ್ಮ ಪಾಸ್‌ಪೋರ್ಟಿನ ಮುದ್ರಣ ಹಿಂದಿ, ಇಂಗ್ಲಿಷಿನಲ್ಲಿ. ನನ್ನ ಹೆಸರಿನ ಒಂದು ಎಚ್‌ಗೆ ಇಷ್ಟೆಲ್ಲ ಓಡಾಡಿದ್ದು ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಹುಟ್ಟಿದ ಗೊಂದಲದಿಂದ. ಇ-ಪಾಸ್‌ಪೋರ್ಟಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹೆಸರನ್ನು ಅವರವರ ಲಿಪಿಯಲ್ಲೇ ಬರೆದಿಡಲು ಚಿಪ್‌ನೊಳಗೆ ಒಂದು ಐಚ್ಛಿಕ ಜಾಗ ಇದೆ. ಪುಟದ ಮೇಲೆ ಇಪ್ಪತ್ತೆರಡು ಭಾಷೆ ಅಚ್ಚಾಗದು, ಒಪ್ಪುತ್ತೇನೆ. ಚಿಪ್‌ನಲ್ಲಿ ಹಾಳೆಯ ಕೊರತೆಯಿಲ್ಲ. ಒಂದು ಸಾಲು ಕನ್ನಡದಲ್ಲಿದ್ದರೆ 'ಈ ಎರಡೂ ಸ್ಪೆಲ್ಲಿಂಗ್ ಒಬ್ಬಳದೇ' ಎಂದು ಹೇಳಲು ಅಫಿಡವಿಟ್ ಬೇಕಾಗುತ್ತಿರಲಿಲ್ಲ.

ಈಗ ನನ್ನ ತಮ್ಮನ ಸರದಿ. ಅವನು ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಾನೆ, ಎಲ್ಲಿಗೂ ಹೋಗುವ ಯೋಚನೆ ಇನ್ನೂ ಇಲ್ಲ. ಆದರೂ ಅವನ ಕಾಗದಗಳನ್ನು ಮೊನ್ನೆ ಚಾಪೆಯ ಮೇಲೆ ಹರಡಿ ನೋಡಿದೆವು. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿಗೆ 'ಅಯ್ಯ' ಇದೆ, ಆಧಾರ್‌ನಲ್ಲಿ ಇಲ್ಲ. ಸೋಮವಾರ ಮಳವಳ್ಳಿಗೆ ಹೋಗುತ್ತಾನೆ, ಅಪ್ಪನನ್ನೂ ಕರೆದುಕೊಂಡು.